ಪರದೆಯವಳು

ಬುಡದ ನರೆಗೆ ಬಣ್ಣ ಹಚ್ಚುವಾಗ ಮನಸ್ಸು ಬೇರೆಲ್ಲೂ ಇರಬಾರದು ಎಂದು ಅವಳೇ ಕೆಲಸ ಕಲಿಯಲು ಬಂದವರಿಗೆಲ್ಲ ಹೇಳಿಕೊಟ್ಟಿದ್ದಳು. ಇವತ್ತು ಅವಳ ಮನಸ್ಸು ಕುರ್ಚಿಯಲ್ಲಿ ಕೂತ ತಲೆಯ ಮೇಲೂ ಇರಲಿಲ್ಲ, ಬಟ್ಟಲಿನಲ್ಲಿ ಕಲಸಿಟ್ಟ ಬಣ್ಣದ ಮೇಲೂ ಇರಲಿಲ್ಲ. ಬೆಳಗ್ಗೆ ಎದ್ದಾಗಿನಿಂದ ಅದು 'ಇಲ್ಲ' ಎಂಬ ಒಂದೇ ಮಾತನ್ನು ಹಿಡಿದುಕೊಂಡು ಬೇರೆ ಬೇರೆ ದನಿಯಲ್ಲಿ ಹೇಳಿ ನೋಡುತ್ತಿತ್ತು. ಇಲ್ಲ, ನಾನು ಒಪ್ಪೋದಿಲ್ಲ. ಇಲ್ಲ, ಸದ್ಯಕ್ಕೆ ಸಾಕು ಅನ್ನಿಸುತ್ತೆ. ಇಲ್ಲ, ಇಷ್ಟು ದಿನ ನೋಡ್ಕೊಂಡಿದ್ದಕ್ಕೆ ಥ್ಯಾಂಕ್ಸ್. ಕೊನೆಯದು ಚೆನ್ನಾಗಿತ್ತು, ಕಳಪೆ ಶಾಂಪೂ ತಂದುಕೊಟ್ಟ ಏಜೆಂಟನನ್ನು ಅವಳು ಹೀಗೇ ನಗುನಗುತ್ತ ಸಾಗಹಾಕಿದ್ದಳು. ಸಂಜೆ ಮಗಳು ಸ್ಕೂಲಿನಿಂದ ಬಂದ ಮೇಲೆ, ಪಾರ್ಲರಿನ ಮೇಲಿನ ಮನೆಯ ಕೋಣೆಯಲ್ಲಿ, ಗಂಡನ ಹಳೆಯ ಟ್ಯಾಬಿನಲ್ಲಿ ಆ ಹೆಂಗಸಿನ ಮುಖ ಮೂಡುತ್ತದೆ. ಸ್ಕೂಲಿನವರು ಗೊತ್ತುಮಾಡಿಕೊಟ್ಟವಳು, ಆಪ್ತ ಸಲಹೆಗಾರ್ತಿ ಎಂಬುದು ಆಕೆಯ ಕೆಲಸದ ಹೆಸರು. ಅವಳು ಮನಸ್ಸಿನಲ್ಲಿ ಆಕೆಯನ್ನು ಕರೆಯುವುದು ಪರದೆಯವಳು ಎಂದು. ವಾರಕ್ಕೊಂದು ಸಲ ಪರದೆಯವಳು ಮಗಳೊಂದಿಗೆ ಮಾತಾಡುತ್ತಾಳೆ. ಸ್ಕೂಲಿನ ಹೊಸ ಟರ್ಮು ಶುರುವಾದಾಗ ಒಂದು ಸಲ ತಾಯಿಯನ್ನು ಎದುರಿಗೆ ಕೂರಿಸಿಕೊಂಡು, ಇದನ್ನು ಮುಂದುವರಿಸಲು ನಿಮ್ಮ ಒಪ್ಪಿಗೆ ಇದೆಯೇ ಎಂದು ಕೇಳುತ್ತಾಳೆ. ಮಗಳಿಗಿನ್ನೂ ವಯಸ್ಸು ತುಂಬಿಲ್ಲ. ಹೂಂ ಅನ್ನುವುದೂ ಊಹೂಂ ಅನ್ನುವುದೂ ತಾಯಿಯ ಕೈಯಲ್ಲಿದೆ. ಇವತ್ತು ಆ ದಿನ. ಅವಳು ಊಹೂಂ ಅನ್ನಲಿದ್ದಳು.

ಹೊಟ್ಟೆಕಿಚ್ಚು, ಮತ್ತೇನೂ ಅಲ್ಲ. ಅದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅದಕ್ಕೆ ಕಾಳಜಿ ಎಂದು ಹೆಸರಿಡಲು ನೋಡಿದ್ದಳು, ಹುಡುಗಿಯ ಓದು ಹಾಳಾಗುತ್ತೆ ಎಂದು ಗಂಡನ ಹತ್ತಿರ ಹೇಳಿ ನೋಡಿದ್ದಳು. ಲಿಫ್ಟ್ ರಿಪೇರಿ ಮಾಡುವ ಆ ಮನುಷ್ಯ ಯಾವುದೇ ಮಾತನ್ನೂ ಎರಡು ಮಹಡಿಯ ನಡುವೆ ನಿಲ್ಲಿಸುವವನಲ್ಲ. "ಅವ್ಳು ಈಗ ರಾತ್ರಿ ನಿದ್ದೆ ಮಾಡ್ತಾಳೆ. ಮತ್ತೇನು ಬೇಕು ನಿಂಗೆ?" ಎಂದು ಕೇಳಿ ಬೂಟು ಹಾಕಿಕೊಂಡು ಹೋಗಿಬಿಟ್ಟಿದ್ದ. ಏನು ಬೇಕು ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಹೇಳಲು ನಾಚಿಕೆಯಾಗುತ್ತಿತ್ತು, ಅಷ್ಟೆ.

"ಸ್ವಲ್ಪ ಕಿವಿ ಹತ್ರ ನೋಡ್ಕೊಳ್ಳಿ, ಬಣ್ಣ ಇಳೀತಿದೆ," ಎಂದಳು ಕುರ್ಚಿಯಲ್ಲಿದ್ದವಳು.

ಊರಿನ ಈಜುಕೊಳದ ಬಾಗಿಲಲ್ಲಿ ಟಿಕೆಟ್ ಹರಿದು ಕೊಡುವುದು ಅವಳ ಕೆಲಸ. ಪಾರ್ಲರಿನಲ್ಲಿ ಅವಳ ಹೆಸರೇ ಈಜುಕೊಳದವಳು ಎಂದಾಗಿತ್ತು. ಅವಳ ಮಗಳೂ ಇವಳ ಮಗಳೂ ಒಂದೇ ಕ್ಲಾಸು. ಬಣ್ಣ ಹಚ್ಚುತ್ತಿದ್ದವಳು ಒದ್ದೆ ಹತ್ತಿಯಿಂದ ಕಿವಿಯ ಹಿಂದೆ ಒರೆಸಿದಳು. ಕಿವಿಯ ಹಿಂದಿನ ಆ ಜಾಗ ಕಂಡರೆ ಈಗ ಅವಳ ಬೆರಳು ತಾನಾಗಿಯೇ ನಿಧಾನವಾಗುತ್ತಿತ್ತು. ತಲೆಗಳು ಅವಳಿಗೆ ತೆರೆದಿಟ್ಟ ಮನೆಯ ಹಾಗೆ. ಯಾರು ಯಾವ ಮಗ್ಗುಲಿಗೆ ಮಲಗುತ್ತಾರೆ, ಯಾರಿಗೆ ಕೆಲವು ತಿಂಗಳ ಹಿಂದೆ ಜೋರು ಜ್ವರ ಬಂದಿತ್ತು, ಯಾರು ಚಿಂತೆಯಲ್ಲಿ ಊಟ ಬಿಟ್ಟಿದ್ದಾರೆ, ಎಲ್ಲ ಬಾಚಣಿಗೆ ಎರಡು ಸಲ ಆಡುವಷ್ಟರಲ್ಲಿ ತಿಳಿಯುತ್ತಿತ್ತು. ತಿಳಿಯದೆ ಉಳಿದದ್ದನ್ನು ಅವರೇ ಹೇಳುತ್ತಿದ್ದರು. ಎದುರಿಗೆ ಕೂತು ಮಾತಾಡಲು ಹೆದರುವ ಹೆಂಗಸರು ಕನ್ನಡಿಯಲ್ಲಿ ಕಾಣುವ ಮುಖಕ್ಕೆ ಏನು ಬೇಕಾದರೂ ಹೇಳುತ್ತಾರೆ. ಕತ್ತಿನವರೆಗೆ ಬಟ್ಟೆ ಹೊದಿಸಿ, ಕೈಯೆಲ್ಲ ಅದರೊಳಗೆ ಸೇರಿಸಿ, ತಲೆಯೊಂದನ್ನೇ ಹೊರಗೆ ಬಿಟ್ಟರೆ ಸಾಕು, ಗಂಡನ ಕುಡಿತ, ಅತ್ತಿಗೆಯ ಬಾಯಿ, ಎದೆಯಲ್ಲಿ ಸಿಕ್ಕ ಗಂಟು, ಎಲ್ಲವೂ ಕತ್ತರಿಸಿದ ಕೂದಲಿನ ಜೊತೆಗೇ ನೆಲಕ್ಕೆ ಬೀಳುತ್ತಿತ್ತು. "ನಿನ್ನ ಹತ್ರ ಹೇಳ್ಕೊಂಡ್ರೆ ತಲೆ ಹಗುರ ಆಗುತ್ತೆ ಕಣೇ" ಎಂದು ನಿವೃತ್ತ ಹೆಡ್‌ಮಿಸ್ಟ್ರೆಸ್ ಒಬ್ಬರು ಯಾವಾಗಲೂ ಅನ್ನುತ್ತಿದ್ದರು. ಅರ್ಧ ಊರಿನ ತಲೆ ಹಗುರ ಮಾಡಿದವಳು ಅವಳು. ಅವಳ ಹೊಟ್ಟೆಯಲ್ಲಿ ಹುಟ್ಟಿದವಳು ಮಾತ್ರ ತನ್ನ ತಲೆಯನ್ನು ಎಲ್ಲೋ ಕೂತ, ಮುಟ್ಟಲು ಕೈಯೇ ಇಲ್ಲದ ಒಂದು ಪರದೆಗೆ ಒಪ್ಪಿಸಿದ್ದಳು. ಹಿತ್ತಲ ಗಿಡ ಮದ್ದಲ್ಲ ಎಂದು ಹೆಡ್‌ಮಿಸ್ಟ್ರೆಸ್ಸೇ ಸಮಾಧಾನ ಹೇಳಿಯಾರು. ಗಿಡವನ್ನು ಕೇಳಿದವರು ಯಾರು?

ಅದೂ ಎಂಥ ಪರದೆಯವಳು! ಮೊದಲ ದಿನ ಅವಳು ನೋಡಿದ್ದು ಆಕೆಯ ಬೈತಲೆಯನ್ನು. ಸೊಟ್ಟಗೆ, ಹೊಲದಲ್ಲಿ ದನ ನಡೆದ ದಾರಿಯ ಹಾಗೆ. ಮುಂಗುರುಳನ್ನು ಯಾರೋ ಅವಸರದಲ್ಲಿ, ಬಹುಶಃ ಆಕೆಯೇ ಬಚ್ಚಲಿನ ಕನ್ನಡಿ ಮುಂದೆ ನಿಂತು, ಒಂದು ಕಡೆ ಗಿಡ್ಡ ಒಂದು ಕಡೆ ಉದ್ದ ಕತ್ತರಿಸಿದ್ದರು. ತನ್ನ ಬೈತಲೆ ನೆಟ್ಟಗೆ ತೆಗೆಯಲು ಬಾರದವಳಿಗೆ ನನ್ನ ಮಗಳ ತಲೆಯೊಳಗೆ ಏನು ಕೆಲಸ ಎನ್ನಿಸಿತ್ತು. ಆ ತಿರಸ್ಕಾರದಿಂದ ಆ ದಿನ ಎಷ್ಟು ಧೈರ್ಯ ಬಂದಿತ್ತೆಂದರೆ, ಪರದೆಯವಳು ಒಂದೊಂದೇ ವಿಷಯ ಬಿಡಿಸಿ ಹೇಳುವಾಗ ಅವಳು ಆಗಲಿ ಆಗಲಿ ಎಂದು ತಲೆಯಾಡಿಸಿದ್ದಳು. ಇದು ಪರದೆಯ ಮೂಲಕ ನಡೆಯುವ ಮಾತು; ಲೈನು ಕಡಿದುಹೋಗಬಹುದು, ಆಗ ನಿಮ್ಮ ಫೋನಿಗೆ ಕರೆ ಮಾಡುತ್ತೇನೆ. ನಾನು ಏನನ್ನೂ ರೆಕಾರ್ಡ್ ಮಾಡುವುದಿಲ್ಲ, ನೀವೂ ಮಾಡಬಾರದು. ಗುಣವಾಗಿಯೇ ಆಗುತ್ತದೆ ಎಂದು ಮಾತು ಕೊಡಲಾರೆ; ಕೆಲವು ವಾರ ಇನ್ನಷ್ಟು ಕಷ್ಟವೂ ಅನ್ನಿಸಬಹುದು. ನಿಮ್ಮ ಮಗಳು ನನಗೆ ಹೇಳಿದ್ದನ್ನು ನಿಮಗೆ ಹೇಳುವುದಿಲ್ಲ. ಅವಳಿಗೋ ಇನ್ನೊಬ್ಬರಿಗೋ ಅಪಾಯ ಇದೆ ಅನ್ನಿಸಿದರೆ ಮಾತ್ರ ಹೇಳುತ್ತೇನೆ. ಈ ಒಪ್ಪಿಗೆಯನ್ನು ನೀವು ಯಾವಾಗ ಬೇಕಾದರೂ ವಾಪಸ್ಸು ತೆಗೆದುಕೊಳ್ಳಬಹುದು. "ನಿಮಗೆ ಏನಾದ್ರೂ ಕೇಳೋದಿದ್ಯಾ ಅಮ್ಮಾ?" ಎಂದು ಆಕೆ ಕೇಳಿದಾಗ ಪಕ್ಕದಲ್ಲಿ ಕೂತ ಮಗಳು ಉಸಿರು ಹಿಡಿದದ್ದು ಅವಳಿಗೆ ಕೇಳಿಸಿತ್ತು. "ಏನಿಲ್ಲ, ನಮ್ಮಿಬ್ಬರ ಮಧ್ಯೆ ಏನೂ ಮುಚ್ಚುಮರೆ ಇಲ್ಲ, ಅವ್ಳೇ ನಂಗೆ ಹೇಳ್ತಾಳೆ," ಎಂದು ನಕ್ಕಿದ್ದಳು. ಮಗಳು ನಗಲಿಲ್ಲ. ಪರದೆಯವಳೂ ನಗಲಿಲ್ಲ. ಅಲ್ಲಿಗೆ ಅವಳು ತನ್ನನ್ನು ಆಚೆ ನಿಲ್ಲಿಸುವ ಬಾಗಿಲಿಗೆ ತಾನೇ ಚಿಲಕ ಹಾಕಿಕೊಟ್ಟಿದ್ದಳು.

"ಅಲ್ಲಾ, ಆವತ್ತು ಹೇಳ್ತಿದ್ರಲ್ಲ," ಎಂದಳು ಈಜುಕೊಳದವಳು, ಕನ್ನಡಿಯಲ್ಲಿ ಕಣ್ಣು ಮೇಲೆತ್ತಿ. "ಯಾರೋ ಒಬ್ರ ಮಗಳು, ಕೂದಲು ಕಿತ್ಕೊಳ್ಳೋ ಹುಡುಗಿ. ಈಗ ಹೇಗಿದಾಳಂತೆ ಪಾಪ?"

ಕುಂಚ ಬಟ್ಟಲಿನ ಅಂಚಿಗೆ ತಗಲಿ ಸದ್ದಾಯಿತು. ಈಜುಕೊಳದವಳ ಮುಖದಲ್ಲಿ ಕನಿಕರವಿತ್ತು, ಕನಿಕರದ ಕೆಳಗೆ ಸಣ್ಣದೊಂದು ಮಜವಿತ್ತು. ಅವಳಿಗೆ ಎಲ್ಲ ಗೊತ್ತಿತ್ತು. ಮೊದಲಿನಿಂದಲೂ ಗೊತ್ತಿತ್ತು. ಸ್ಕೂಲಿನ ಮಕ್ಕಳನ್ನು ಈಜಿಗೆ ಕರೆತಂದ ಆಟದ ಟೀಚರ್, ನೀರಿನಿಂದೆದ್ದ ಇವಳ ಮಗಳ ಅಂಟಿಕೊಂಡ ಕೂದಲಿನ ನಡುವೆ ಬಲಗಿವಿಯ ಹಿಂದೆ ಬಿಳಿಯ ಚರ್ಮ ಕಂಡು ದಂಗಾದದ್ದು ಈಜುಕೊಳದವಳ ಎದುರಿಗೇ, ಅದು ಇವಳಿಗೆ ತಿಳಿದದ್ದು ಮಾತ್ರ ಬಹಳ ಆಮೇಲೆ. ಟೀಚರ್ ಅಲ್ಲಿಂದಲೇ ಫೋನ್ ಮಾಡಿದ್ದಳು. "ನೀವು ನೋಡೇ ಇರ್ತೀರಲ್ಲ," ಎಂದಿದ್ದಳು ಟೀಚರ್, "ನಿಮ್ಮ ಕೆಲ್ಸಾನೇ ಅದಲ್ವಾ." ಹೌದು ಹೌದು ನೋಡಿದ್ದೀನಿ, ಔಷಧಿ ಹಚ್ತಾ ಇದೀವಿ ಎಂದು ಅವಳು ಸುಳ್ಳು ಹೇಳಿದ್ದಳು. ದಿನವೂ ಎಷ್ಟೋ ತಲೆ ಮುಟ್ಟುವ ಕೈಗೆ ಮಗಳ ತಲೆ ಸಿಕ್ಕದೆ ಒಂದು ವರ್ಷವಾಗಿತ್ತು. ನಾನೇ ಬಾಚ್ಕೋತೀನಿ, ನಾನೇ ತೊಳ್ಕೋತೀನಿ, ನನಗೆ ಗಂಟು ಹಾಕಿದ್ರೇನೇ ಇಷ್ಟ ಎಂದಾಗ, ದೊಡ್ಡವಳಾಗುತ್ತಿದ್ದಾಳೆ ಎಂದು ಅವಳು ಹೆಮ್ಮೆಪಟ್ಟಿದ್ದಳು. ಆ ಸಂಜೆ ಮಗಳು ಬ್ಯಾಗು ಇಳಿಸುವ ಮೊದಲೇ ಅವಳನ್ನು ಗೋಡೆಗೆ ತಿರುಗಿಸಿ ನಿಲ್ಲಿಸಿ, ಪಾರ್ಲರಿನಲ್ಲಿ ಮಾಡುವ ಹಾಗೆ ಎರಡು ಬೆರಳಲ್ಲಿ ಕೂದಲು ಸೀಳಿ ನೋಡಿದ್ದಳು. ಅಂಗೈಯ ಗುಳಿಯಷ್ಟು ಜಾಗ. ಬೇರೆ ಬೇರೆ ಉದ್ದದ ತುಂಡು ಕೂದಲು ಮುಳ್ಳು ಮುಳ್ಳಾಗಿ ಎದ್ದಿದ್ದವು. ಹುಳುಕಡ್ಡಿಯಲ್ಲ, ಉದುರಿದ್ದಲ್ಲ, ಬೆರಳು ಮುಟ್ಟಿದ ತಕ್ಷಣ ಗೊತ್ತಾಯಿತು, ಕಿತ್ತದ್ದು. ಒಂದೊಂದಾಗಿ, ತಾಳ್ಮೆಯಿಂದ ಕಿತ್ತದ್ದು. ಮಗಳು ಅಳಲಿಲ್ಲ, ಬಿಡಿಸಿಕೊಳ್ಳಲೂ ಇಲ್ಲ. ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ಯಾಕೆ ಎಂದು ಅವಳು ಕೇಳಿದಳು. ಮತ್ತೆ ಕೇಳಿದಳು. ಕೊನೆಗೆ ಕೂಗಿದಳು. ಮಗಳು "ಗೊತ್ತಿಲ್ಲಮ್ಮ" ಎಂದದ್ದು ಬಿಟ್ಟರೆ ಬೇರೇನೂ ಹೇಳಲಿಲ್ಲ. ನಿಜವಾಗಿಯೂ ಗೊತ್ತಿರಲಿಲ್ಲವೋ ಏನೋ, ಈಗ ಅನ್ನಿಸುತ್ತದೆ.

ಅದಾದ ವಾರವೇ ಈಜುಕೊಳದವಳು ಇದೇ ಕುರ್ಚಿಯಲ್ಲಿ ಕೂತಿದ್ದಳು. ಪಾರ್ಲರಿನ ಮಾತಿಗೆ ಒಂದು ರೀತಿಯಿದೆ: ಕಥೆ ಹೇಳಬಹುದು, ಹೆಸರು ಹೇಳಬಾರದು. ಯಾರೋ ಒಬ್ಬರ ಗಂಡ, ಯಾರೋ ಒಬ್ಬರ ಸೊಸೆ. ಇಪ್ಪತ್ತು ವರ್ಷದಿಂದ ಅವಳು ಈ ರೀತಿಯನ್ನು ತಪ್ಪದೆ ನಡೆಸಿಕೊಂಡು ಬಂದು ಅದನ್ನೇ ಪ್ರಾಮಾಣಿಕತೆ ಎಂದುಕೊಂಡಿದ್ದಳು. ಆ ದಿನ, ಯಾರಾದರೂ ಏನಾದರೂ ಹೇಳಲಿ ಎಂದು, "ಯಾರೋ ಒಬ್ರ ಮಗಳು" ಎಂದು ಶುರು ಮಾಡಿದ್ದಳು. ಈಜುಕೊಳದವಳು ಅಯ್ಯೋ ಅಯ್ಯೋ ಎನ್ನುತ್ತ ಪೂರಾ ಕೇಳಿದಳು. ಕೇಳಿ, ಮನೆಗೆ ಹೋಗಿ ತನ್ನ ಮಗಳಿಗೆ ಹೇಳಿದಳು. ಅದು ಕ್ಲಾಸಿಗೆಲ್ಲ ಹಬ್ಬಿ, ಎರಡು ದಿನದ ಮೇಲೆ ಇವಳ ಮಗಳೇ ಸ್ಕೂಲಿನಿಂದ ಬಂದು, ಪಾರ್ಲರಿನ ಬಾಗಿಲಲ್ಲಿ ನಿಂತು, ಒಳಗೆ ಇಬ್ಬರು ಗಿರಾಕಿಗಳಿದ್ದಾಗಲೇ ಕೇಳಿದಳು. "ಅಮ್ಮಾ, ನಾನು ಯಾರೋ ಒಬ್ರ ಮಗಳಾ?" ಜೋರಾಗಿ ಕೇಳಲಿಲ್ಲ. ಅಂಗಡಿಯಲ್ಲಿ ಇದೆಷ್ಟು ಎಂದು ಕೇಳುವ ಹಾಗೆ ಕೇಳಿದಳು. ಅವಳು ಡ್ರೈಯರ್ ಆರಿಸಲಿಲ್ಲ. ಆ ಸದ್ದಿನಲ್ಲಿ ಕೇಳಿಸಲಿಲ್ಲ ಎಂಬಂತೆ "ಊಟ ಟೇಬಲ್ ಮೇಲಿದೆ ನೋಡು" ಎಂದಿದ್ದಳು.

"ಆ ಹುಡುಗೀನಾ," ಎಂದಳು ಈಗ, ಕೈಗವಸು ಸರಿಮಾಡಿಕೊಳ್ಳುತ್ತ. "ಅವ್ರು ಆಮೇಲೆ ಬರ್ಲೇ ಇಲ್ಲ ನೋಡಿ. ಬೇರೆ ಕಡೆ ಹೋಗ್ತಿರ್ಬೇಕು."

"ಹೋಗ್ತಾರೆ, ಹೋಗ್ತಾರೆ," ಎಂದಳು ಈಜುಕೊಳದವಳು. "ನಮ್ಮವ್ಳಂತೂ ನನ್ ಹತ್ರ ಎಲ್ಲಾನೂ ಹೇಳ್ತಾಳೆ. ಎಷ್ಟು ಅಂದ್ರೆ ಸಾಕಪ್ಪಾ ಅನ್ನಿಸ್ಬಿಡುತ್ತೆ."

ಆ ಮಾತಿಗೆ ಅವಳ ಹೊಟ್ಟೆ ಎಷ್ಟು ಉರಿಯಿತೆಂದರೆ, ಬಣ್ಣವನ್ನು ಇನ್ನೊಂದಿಷ್ಟು ಹೊತ್ತು ಹೆಚ್ಚಿಗೆ ಬಿಟ್ಟು ಇವಳ ನೆತ್ತಿ ತುರಿಸುವಂತೆ ಮಾಡಿದರೇನು ಎಂಬ ಯೋಚನೆ ಬಂತು. ಬಂದದ್ದಕ್ಕೆ ಹೇಸಿಗೆಯಾಗಿ, ಹೊತ್ತಿಗೆ ಮುಂಚೆಯೇ ತೊಳೆಯಲು ಕರೆದೊಯ್ದಳು. ಬೇಸಿನ್ನಿನಲ್ಲಿ ಕತ್ತು ಇಟ್ಟು ಕಣ್ಣು ಮುಚ್ಚಿದ ಈಜುಕೊಳದವಳು ದೊಡ್ಡ ಮಗುವಿನ ಹಾಗೆ ಕಂಡಳು. ಉಗುರುಬೆಚ್ಚಗಿನ ನೀರು, ಬೆರಳು, ನೊರೆ. ಹುಟ್ಟಿದ ಹೊಸದರಲ್ಲಿ ಮಗಳ ನೆತ್ತಿ ಹೀಗೇ ಅಂಗೈಯಲ್ಲಿ ಕೂರುತ್ತಿತ್ತು. ನೆತ್ತಿಯ ಮೆತ್ತನೆ ಜಾಗ ಮಿಡಿಯುವುದು ಕಂಡು ಹೆದರಿ ಗಂಡನನ್ನು ಕೂಗಿ ಕರೆದಿದ್ದಳು. ಆಗ ಎಲ್ಲವೂ ಹೊರಗೇ ಕಾಣುತ್ತಿತ್ತು, ಒಳಗೆ ಮಿಡಿಯುವುದು ಕೂಡ.

ಈ ಕೆಲವು ತಿಂಗಳಲ್ಲಿ ಮಗಳ ಜಾಗದಲ್ಲಿ ಕೂದಲು ಬರತೊಡಗಿತ್ತು. ಊಟಕ್ಕೆ ಬಗ್ಗಿದಾಗ, ಶೂ ಕಟ್ಟುವಾಗ, ಅವಳು ಕಳ್ಳನ ಹಾಗೆ ನೋಡುತ್ತಿದ್ದಳು. ಮೆತ್ತಗೆ, ಕಪ್ಪಗೆ, ಸುಳಿಯ ಕಡೆಗೆ ತಿರುಗಿ ಬರುತ್ತಿತ್ತು. ನೋಡಿ ಸಂತೋಷವಾಯಿತೆ? ಆಯಿತು. ಆದರೆ ಅದರ ಬೆನ್ನಿಗೇ ಇನ್ನೊಂದು ಬಂತು: ಇದು ನನ್ನ ಕೈಯಿಂದ ಬೆಳೆದದ್ದಲ್ಲ. ಮಗಳು ಪರದೆಯವಳ ಬಗ್ಗೆ ಹೇಳುವಾಗ ಹೆಸರು ಹಿಡಿಯುತ್ತಿರಲಿಲ್ಲ. "ಅವರು ಹೇಳಿದ್ರು, ಕೈಯಲ್ಲಿ ಏನಾದ್ರೂ ಹಿಡ್ಕೊಂಡಿರು ಅಂತ." "ಅವರು ಮುಂದಿನ ವಾರ ರಜ." ಹೊಸದಾಗಿ ಮದುವೆಯಾದವಳು ಗಂಡನನ್ನು ಹೇಳುವ ಹಾಗೆ, ಅವರು! ಅಮ್ಮನಿಗೆ ಯಾವತ್ತೂ ನೀನು, ತಿಂಡಿ ಕೊಡು, ಕರೆಂಟ್ ಹೋಗಿದೆ. ವಾರದ ಆ ಹೊತ್ತಿಗೆ ಮೇಲಿನ ಕೋಣೆಯ ಬಾಗಿಲು ಮುಚ್ಚಿದರೆ, ಕೆಳಗೆ ಪಾರ್ಲರಿಗೆ ಮಾತು ಕೇಳಿಸುತ್ತಿರಲಿಲ್ಲ, ಮಾತಿನ ಏರಿಳಿತ ಮಾತ್ರ ಗೋಡೆಯಲ್ಲಿ ಹರಿದು ಬರುತ್ತಿತ್ತು. ಒಮ್ಮೊಮ್ಮೆ ನಗು ಬರುತ್ತಿತ್ತು. ಅಳು ಬಂದಿದ್ದರೆ ಅವಳು ಸಹಿಸಿಕೊಳ್ಳುತ್ತಿದ್ದಳು. ನಗುವನ್ನು ಹೇಗೆ ಸಹಿಸುವುದು? ನಾನು ಏನು ಮಾಡಿದ್ದೆ ಎಂದು ಅವಳು ಅಲ್ಲಿ ಹೇಳಿ ನಗುತ್ತಿದ್ದಾಳೆಯೆ? ಡ್ರೈಯರ್ ಆರಿಸದೆ ಇದ್ದದ್ದನ್ನು ಹೇಳಿರಬಹುದೆ? ಹೇಳಿರುತ್ತಾಳೆ. ಪರದೆಯವಳಿಗೆ ಈಗ ಅದು ಗೊತ್ತಿದೆ. ಗೊತ್ತಿದ್ದೂ ಅಮ್ಮಾ ಎಂದು ಕರೆಯುತ್ತಾಳೆ.

ಒಂದು ಸಲ ಲೈನು ಕಡಿದಿತ್ತು. ಗಿರಾಕಿಯ ಹುಬ್ಬು ತಿದ್ದುತ್ತಿದ್ದಾಗ ಅವಳ ಫೋನು ಹೊಡೆದುಕೊಂಡಿತು. "ಅಮ್ಮಾ, ಕರೆ ನಿಂತ್ಹೋಯ್ತು, ಮತ್ತೆ ಸೇರೋಕೆ ಅವಳಿಗೆ ಸ್ವಲ್ಪ ಹೇಳ್ತೀರಾ?" ಶೀತವಾಗಿದ್ದ, ಮೂಗು ಕಟ್ಟಿದ, ಎಲ್ಲ ಹೆಂಗಸರಿಗೂ ಇರುವಂಥ ದನಿ. ದ್ವೇಷಿಸಲು ಅದರಲ್ಲಿ ಏನೂ ಸಿಕ್ಕದೆ ಅವಳು ನಿರಾಶಳಾದಳು. ಮೆಟ್ಟಿಲು ಹತ್ತಿ ಬಾಗಿಲು ತೆರೆದಾಗ ಮಗಳು ಟ್ಯಾಬನ್ನು ಎರಡು ಕೈಯಲ್ಲಿ ಹಿಡಿದು ಕೂತಿದ್ದಳು. ಕಣ್ಣೆಲ್ಲ ಒದ್ದೆ, ಮೂಗು ಕೆಂಪು. ಆದರೆ ಆ ಮುಖ ತೆರೆದಿತ್ತು. ಇಷ್ಟು ವರ್ಷದಲ್ಲಿ ಅವಳು ನೋಡೇ ಇರದಷ್ಟು ತೆರೆದಿತ್ತು. ಬಂದದ್ದು ಅಮ್ಮ ಎಂದು ತಿಳಿದ ಮೇಲೆ ಅದು ನಿಧಾನವಾಗಿ, ಮರ್ಯಾದೆಯಿಂದ ಮುಚ್ಚಿಕೊಂಡಿತು. "ಏನಮ್ಮಾ?" ಎಂದಳು ಮಗಳು. ಅವಳು ಹೇಳಬೇಕಾದ್ದನ್ನು ಹೇಳಿ ಕೆಳಗಿಳಿದು ಬಂದು ಉಳಿದ ಹುಬ್ಬನ್ನು ತಿದ್ದಿದಳು. ಆ ರಾತ್ರಿ ಅವಳಿಗೆ ಪರದೆಯವಳ ಮಾತು ನೆನಪಾಯಿತು, ಅಪಾಯವಿದ್ದರೆ ಮಾತ್ರ ನಿಮಗೆ ಹೇಳುತ್ತೇನೆ ಎಂದದ್ದು. ಹಾಗಾದರೆ ಒಂದು ಸಣ್ಣ ಅಪಾಯವಾಗಲಿ. ಆ ಯೋಚನೆ ಬಂದು ಹೋಗುವಷ್ಟರಲ್ಲಿ ಅವಳು ಎದ್ದು ಕೂತಿದ್ದಳು. ಏನು ಕೇಳಿಕೊಂಡೆ ನಾನು? ಪಕ್ಕದ ಕೋಣೆಗೆ ಹೋಗಿ ಮಗಳ ಉಸಿರು ಕೇಳಿಸಿಕೊಂಡು ಬಂದಳು. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವಳ ಅತ್ತೆ ಬದುಕಿದ್ದಾಗ ಅವಳಿಗೆ ಅನ್ನುತ್ತಿದ್ದ ಮಾತು ಕತ್ತಲಲ್ಲಿ ಬಂದು ಪಕ್ಕದಲ್ಲೇ ಮಲಗಿತು. ಬೆಳಗಾಗುವ ಹೊತ್ತಿಗೆ ಅವಳು ಇದಕ್ಕೆಲ್ಲ ಒಂದೇ ದಾರಿ ಎಂದುಕೊಂಡಿದ್ದಳು. ಯಾವಾಗ ಬೇಕಾದರೂ ವಾಪಸ್ಸು ತೆಗೆದುಕೊಳ್ಳಬಹುದು. ಅಷ್ಟು ಮಾತಿನಲ್ಲಿ ಅವಳ ಪಾಲಿಗೆ ಬಂದದ್ದು ಅದೊಂದೇ ವಾಕ್ಯ.

ಈಜುಕೊಳದವಳು ಹೋದ ಮೇಲೆ ಅವಳು ಬೋರ್ಡು ತಿರುಗಿಸಿ, ನೆಲ ಗುಡಿಸಿ, ಕೈಗೆ ಹತ್ತಿದ ಬಣ್ಣವನ್ನು ಉಜ್ಜಿ ಉಜ್ಜಿ ತೊಳೆದಳು. ಮಗಳು ಬಂದಳು. ಹಾಲು ಕುಡಿದಳು. ಯೂನಿಫಾರ್ಮ್ ಬದಲಿಸಿ ಬಂದು, ಮಂಚದ ಪಕ್ಕದ ಮೇಜಿನ ಮೇಲೆ ಪುಸ್ತಕ ಪೇರಿಸಿ ಟ್ಯಾಬನ್ನು ಒರಗಿಸಿ ನಿಲ್ಲಿಸಿದಳು. ಆ ಕೆಲಸದಲ್ಲಿ ಒಂದು ಅಭ್ಯಾಸವಿತ್ತು, ಅವಳು ಬಾಚಣಿಗೆ ಜೋಡಿಸಿಡುವ ಹಾಗೆ. ಇನ್ನೊಂದು ಕುರ್ಚಿ ತಂದು ಪಕ್ಕಕ್ಕೆ ಹಾಕಿ "ಕೂತ್ಕೋ" ಎಂದಳು. ಕುರ್ಚಿಗಳ ನಡುವೆ ಒಬ್ಬರು ದಾಟಿ ಹೋಗುವಷ್ಟು ಜಾಗ ಬಿಟ್ಟಿದ್ದಳು. ಪರದೆಯಲ್ಲಿ ಮೊದಲು ಕಂಡದ್ದು ತಾಯಿ ಮಗಳೇ. ಎರಡು ಮುಖ, ಒಂದೇ ಹಣೆ. ಆಮೇಲೆ ಆ ಸೊಟ್ಟ ಬೈತಲೆ ಬಂತು.

"ನಮಸ್ಕಾರ ಅಮ್ಮಾ, ಚೆನ್ನಾಗಿದ್ದೀರಾ?" ಪರದೆಯವಳು ಮತ್ತೆ ಎಲ್ಲವನ್ನೂ ಹೇಳಿದಳು. ಲೈನು, ರೆಕಾರ್ಡು, ಗುಟ್ಟು, ಅಪಾಯ. ಹೇಳುವಾಗ ಓದಿದ ಹಾಗಿರಲಿಲ್ಲ, ಒಂದೊಂದಕ್ಕೂ ನಿಂತು ಅರ್ಥವಾಯಿತೇ ಎಂಬಂತೆ ನೋಡುತ್ತಿದ್ದಳು. "ಮುಂದುವರ್ಸೋಕೆ ನಿಮ್ಮ ಒಪ್ಪಿಗೆ ಇದ್ಯಾ? ಯೋಚ್ನೆ ಮಾಡಿ ಹೇಳಿ, ಅವಸರ ಇಲ್ಲ."

"ಅವ್ಳು ನನ್ ಬಗ್ಗೆ ಏನ್ ಹೇಳ್ತಾಳೆ?" ಬಾಯಿ ತಪ್ಪಿ ಬಂದುಬಿಟ್ಟಿತು. ಬೆಳಗಿನಿಂದ ಅಭ್ಯಾಸ ಮಾಡಿದ ಯಾವ ವಾಕ್ಯದಲ್ಲೂ ಇದು ಇರಲಿಲ್ಲ.

"ಅದನ್ನ ನಾನು ಹೇಳೋ ಹಾಗಿಲ್ಲ ಅಮ್ಮಾ. ಅವ್ಳನ್ನೇ ಕೇಳ್ಬಹುದು ನೀವು. ಹೇಳ್ಬೇಕೋ ಬೇಡ್ವೋ ಅವ್ಳಿಗೆ ಬಿಟ್ಟಿದ್ದು."

ಅವಳು ಮಗಳ ಕಡೆ ತಿರುಗಲಿಲ್ಲ. ಪರದೆಯ ಮೂಲೆಯಲ್ಲಿ ಮಗಳ ಸಣ್ಣ ಮುಖವನ್ನು ನೋಡಿದಳು. ಅದು ಕೆಳಗೆ ನೋಡುತ್ತಿತ್ತು.

"ಇಲ್ಲ," ಎಂದಳು ಅವಳು. "ನಾನು ಒಪ್ಪೋದಿಲ್ಲ. ಕೂದ್ಲು ಬಂದಿದೆಯಲ್ಲ. ಇನ್ನು ಸಾಕು, ಮನೇಲೇ ನೋಡ್ಕೋತೀವಿ." ದನಿ ಅಂದುಕೊಂಡದ್ದಕ್ಕಿಂತ ಗಟ್ಟಿಯಾಗಿ ಬಂತು. ಗೆದ್ದ ಹಾಗನ್ನಿಸಿ ಕಿವಿ ಬಿಸಿಯಾಯಿತು.

ಪರದೆಯವಳು ಸಿಟ್ಟಾಗಲಿಲ್ಲ, ವಾದಿಸಲೂ ಇಲ್ಲ. ಅದು ನಿಮ್ಮ ಹಕ್ಕು, ಆದರೆ ಒಮ್ಮೆಲೇ ನಿಲ್ಲಿಸುವುದು ಅವಳಿಗೆ ಒಳ್ಳೆಯದಲ್ಲ, ಮುಗಿಸಲು ಒಂದು ಸಲವಾದರೂ ಬೇಕು ಎಂದಳು. ಆಮೇಲೆ ಮಗಳ ಹೆಸರು ಹಿಡಿದು ಕೇಳಿದಳು. "ನಿಂಗೆ ಏನನ್ನಿಸುತ್ತೆ?"

"ಪರವಾಗಿಲ್ಲ," ಎಂದಳು ಮಗಳು. "ಅಮ್ಮ ಹೇಳಿದ ಹಾಗೇ ಆಗ್ಲಿ. ಚೆನ್ನಾಗೇ ಇತ್ತು. ಥ್ಯಾಂಕ್ಸ್."

ಆ ದನಿ ಅವಳಿಗೆ ಗೊತ್ತಿತ್ತು. ಅವಳ ಕಸುಬಿನಲ್ಲಿ ಅದನ್ನು ಗುರುತಿಸಲು ಬಾರದವಳು ಅಂಗಡಿ ಮುಚ್ಚಬೇಕಾಗುತ್ತದೆ. ಕೂದಲು ಕೆಟ್ಟು ಹೋಗಿರುತ್ತದೆ; ಹಿಂದಿನಿಂದ ಕನ್ನಡಿ ಹಿಡಿದು ಹೇಗಿದೆ ಎಂದು ಕೇಳಿದರೆ, ಕುರ್ಚಿಯಲ್ಲಿ ಕೂತವಳು ಜಗಳವಾಡುವುದಿಲ್ಲ. ಚೆನ್ನಾಗಿದೆ ಎನ್ನುತ್ತಾಳೆ, ನಗುತ್ತಾಳೆ, ಭುಜ ಕೊಡವಿಕೊಂಡು ಹೋಗುತ್ತಾಳೆ. ಮತ್ತೆ ಆ ಬಾಗಿಲಿಗೆ ಕಾಲಿಡುವುದಿಲ್ಲ. ರಸ್ತೆಯಲ್ಲಿ ಸಿಕ್ಕರೆ ಆಗಲೂ ನಗುತ್ತಾಳೆ. ಜಗಳವಾಡುವವರು ಮಾತ್ರ ವಾಪಸ್ಸು ಬರುತ್ತಾರೆ. ಮಗಳು ಜಗಳವಾಡಲಿಲ್ಲ. ಕೈ ಮೇಲೆತ್ತಿ ಕಿವಿಯ ಹಿಂದಕ್ಕೆ ಒಯ್ದು, ಏನೋ ನೆನಪಾಗಿ ಅಲ್ಲೇ ತಡೆದು, ತೊಡೆಯ ಕೆಳಗೆ ಸೇರಿಸಿ ಅದರ ಮೇಲೆ ಕೂತಳು. ಅದನ್ನು ಯಾರು ಹೇಳಿಕೊಟ್ಟಿದ್ದರು ಎಂದು ಅವಳು ಕೇಳಬೇಕಾಗಿರಲಿಲ್ಲ. ಮೇಲಿನ ಮನೆಯಲ್ಲಿ ಇನ್ನು ಮುಂದೆ ಇವಳು ಹೀಗೇ ಇರುತ್ತಾಳೆ, ಒಂದೇ ತಟ್ಟೆಯ ಎದುರು ಕೂತು, ಚೆನ್ನಾಗಿದೆ ಎನ್ನುತ್ತ, ವಯಸ್ಸು ತುಂಬುವವರೆಗೆ. ಆಮೇಲೆ ಇರುವುದಿಲ್ಲ.

"ಇರಿ," ಎಂದಳು ಅವಳು. "ಇರಿ, ಇರಿ. ಒಪ್ತೀನಿ."

ಪರದೆಯವಳು ಸ್ವಲ್ಪ ಮುಂದಕ್ಕೆ ಬಾಗಿ, "ಅಮ್ಮಾ, ಯಾರ ಬಲವಂತಕ್ಕೂ ಒಪ್ಪೋದು ಬೇಡ," ಎಂದಳು. "ಮನಸ್ಸಿಂದ ಹೇಳ್ತಿದ್ದೀರಾ?"

"ಮನಸ್ಸಿಂದ ಅಂದ್ರೆ!" ಅವಳಿಗೆ ಸಿಟ್ಟು ಬಂತು. "ನನ್ ಮನಸ್ಸು ಏನ್ ಹೇಳ್ತಿದೆ ಅಂತ ಹೇಳ್ಲಾ? ಹೊಟ್ಟೆ ಉರೀತಿದೆ ನಂಗೆ. ನೀವು ಯಾರು, ಎಲ್ಲೋ ಕೂತ್ಕೊಂಡು. ನಾನು ಹೆತ್ತಿರೋದು. ನಿಮ್ ಹತ್ರ ನಗ್ತಾಳೆ, ನನ್ ಹತ್ರ ಊಟ ಆಯ್ತು ಅಂತಾಳೆ. ಹೊಟ್ಟೆ ಉರ್ಕೊಂಡೇ ಒಪ್ತಿದ್ದೀನಿ. ಅದು ನಿಮ್ಮ ಲೆಕ್ಕಕ್ಕೆ ಬರುತ್ತೋ ಇಲ್ವೋ ನೋಡ್ಕೊಳ್ಳಿ. ಇನ್ನೊಂದು. ನೀವು ಆ ಮುಂಗುರುಳನ್ನ ನೀವೇ ಕತ್ತರಿಸ್ಕೊಳ್ಳೋದು ಮೊದ್ಲು ನಿಲ್ಸಿ."

ಪಕ್ಕದಿಂದ ಒಂದು ಸದ್ದು ಬಂತು. ಕೆಮ್ಮೆಂದುಕೊಂಡಳು. ಮಗಳು ನಗುತ್ತಿದ್ದಳು, ಬಾಯಿಗೆ ಕೈ ಅಡ್ಡ ಹಿಡಿದು, ಭುಜ ಕುಣಿಸಿ, ತಡೆಯಲಾರದೆ. ಪರದೆಯವಳು ಹಣೆಯ ಮೇಲಿನ ಗಿಡ್ಡ ಕೂದಲನ್ನು ಮುಟ್ಟಿ ನೋಡಿಕೊಂಡು ತಾನೂ ನಕ್ಕಳು. "ಬರುತ್ತೆ ಅಮ್ಮಾ," ಎಂದಳು. "ಹೊಟ್ಟೆ ಉರಿಯೋದೂ ಲೆಕ್ಕಕ್ಕೆ ಬರುತ್ತೆ. ನಾಳೆ ಬೇಡ ಅನ್ನಿಸಿದ್ರೆ ನಾಳೆ ಹೇಳಿ." ಮಗಳ ಕಡೆ ತಿರುಗಿ, "ನಿನ್ನದು?" ಎಂದು ಕೇಳಿದಳು.

"ಹೂಂ," ಎಂದಳು ಮಗಳು, ಕಣ್ಣೊರೆಸಿಕೊಳ್ಳುತ್ತ. "ಅಮ್ಮಾ, ಇನ್ನು ನೀನು ಕೆಳಗೆ ಹೋಗು."

ಆ ನಗು ಮುಗಿಯುವವರೆಗಾದರೂ ಕೂರಬಹುದೆಂದು ಅವಳು ಅಂದುಕೊಂಡಿದ್ದಳು. ಎದ್ದಳು. ಕುರ್ಚಿಯನ್ನು ಗೋಡೆಗೆ ಸರಿಸಿದಳು. ಹೊರಗೆ ಬಂದು ಬಾಗಿಲೆಳೆದುಕೊಂಡು, ಚಿಲಕದ ಮೇಲಿನ ಕೈ ತೆಗೆಯದೆ ಹಾಗೇ ನಿಂತಳು. ಇಷ್ಟು ಹತ್ತಿರ ಅವಳು ಯಾವತ್ತೂ ನಿಂತಿರಲಿಲ್ಲ. ಇಲ್ಲಿ ಮಾತು ಮಾತಾಗಿಯೇ ಕೇಳಿಸುತ್ತಿತ್ತು. ಇನ್ನು ಸ್ವಲ್ಪ ಹೊತ್ತು ನಿಂತರೆ ಬೇಕಾದದ್ದೆಲ್ಲ ಕೇಳಿಸುತ್ತದೆ. ತನ್ನ ಬಗ್ಗೆ, ಡ್ರೈಯರಿನ ಬಗ್ಗೆ, ಕಿತ್ತ ಒಂದೊಂದು ಕೂದಲಿನ ಬಗ್ಗೆ. "ಶುರು ಮಾಡೋಕೆ ಮುಂಚೆ," ಎಂದು ಪರದೆಯವಳು ಕೇಳಿದಳು, "ಯಾವಾಗ್ಲೂ ಕೇಳೋದೇ. ನೀನಿರೋ ಕಡೆ ಈಗ ಬೇರೆ ಯಾರಾದ್ರೂ ಇದ್ದಾರಾ? ಯಾರಿಗಾದ್ರೂ ಕೇಳ್ಸುತ್ತಾ?"

ಮಗಳು ಉತ್ತರ ಕೊಡಲಿಲ್ಲ.

ಬಾಗಿಲಿನ ಕೆಳಗಿನ ಸಂದಿಯಿಂದ ಬೆಳಕು ಬರುತ್ತಿತ್ತು, ಆ ಬೆಳಕಿಗೆ ಅಡ್ಡವಾಗಿ ಅವಳ ಚಪ್ಪಲಿಯ ನೆರಳಿತ್ತು. ಒಳಗಿನಿಂದ ಅದು ಕಾಣುತ್ತಿದೆ ಎಂದು ಅವಳಿಗೆ ಆಗ ಹೊಳೆಯಿತು. ಮಗಳು ಕೂಗಿ ಹೇಳುವುದಿಲ್ಲ, ಬಾಗಿಲು ತೆರೆದು ನೋಡುವುದೂ ಇಲ್ಲ. ಕಾಯುತ್ತಾಳೆ. ಅವಳು ಇಲ್ಲಿ ನಿಂತಿರುವಷ್ಟು ಹೊತ್ತೂ ಕಾಯುತ್ತಾಳೆ, ಗೋಡೆಗೆ ಹಣೆ ಒತ್ತಿ ನಿಂತಿದ್ದವಳ ಹಾಗೆ. ಅವಳು ಕೈ ತೆಗೆದಳು. ಮೆಟ್ಟಿಲ ಮೇಲೆ ಬೇಕೆಂದೇ ಸದ್ದಾಗುವಂತೆ, ಭಾರವಾಗಿ ಒಂದೊಂದೇ ಹೆಜ್ಜೆ ಇಡುತ್ತ ಇಳಿದಳು. ಕೊನೆಯ ಮೆಟ್ಟಿಲಿಗೆ ಬಂದಾಗ ಮೇಲಿನಿಂದ ಮಗಳ ದನಿ ಬಂತು, ಗಟ್ಟಿಯಾಗಿ, ಕೆಳಗಿನವರಿಗೂ ಕೇಳಲಿ ಎಂಬ ಹಾಗೆ.

"ಯಾರೂ ಇಲ್ಲ."

ಅದು ಎದೆಗೆ ನಾಟಿತು. ಪಾರ್ಲರಿನೊಳಗೆ ನಿಂತರೂ ಏರಿಳಿತ ಕೇಳಿಸುತ್ತದೆ, ನಗು ಕೇಳಿಸುತ್ತದೆ. ಮಗಳ ಮಾತು ಸುಳ್ಳಾಗಬಾರದೆಂದು ಅವಳು ಬಾಗಿಲು ತೆರೆದು, ಹೊಟ್ಟೆಯ ಉರಿಯನ್ನೂ ಜೊತೆಗೆ ಕರೆದುಕೊಂಡು, ರಸ್ತೆ ದಾಟಿ ಆಚೆಗೆ ಹೋಗಿ ನಿಂತಳು.